ಬಾರದ ಬಿಳಿ ಶಾರ್ಕ್: ಪುಣೆಯ ಒಂದು ಪ್ರವಾಸ ತಂಡದ ಪ್ರಕರಣ

ಈ ಪ್ರಕರಣ 2024ರದ್ದು. ಯಾರ ಗುರುತೂ ಸಿಗಬಾರದೆಂದು ವಯಸ್ಸು, ಉದ್ಯೋಗ, ಬಡಾವಣೆಗಳನ್ನು ಬದಲಿಸಿದ್ದೇವೆ. ಬೋಟು ನಡೆಸಿದ ಸಂಸ್ಥೆಯ ಹೆಸರನ್ನೂ ಬಿಟ್ಟಿದ್ದೇವೆ. ಸಮುದ್ರ, ಪ್ರಾಣಿ, ಸಲಕರಣೆಗಳ ವಿವರ ಮಾತ್ರ ಇದ್ದದ್ದು ಇದ್ದಂತೆಯೇ ಇದೆ. ಶಾರ್ಕ್ ಪಂಜರದ ಡೈವಿಂಗ್ (ಸಮುದ್ರಕ್ಕೆ ಇಳಿಬಿಟ್ಟ ಪಂಜರದೊಳಗೆ ನಿಂತು ಶಾರ್ಕ್ ನೋಡುವುದು) ಸೇರಿಸಿ ಗುಂಪು ಪ್ರವಾಸ ಏರ್ಪಡಿಸುವವರಿಗೂ ಅಂಥ ಪ್ರವಾಸಕ್ಕೆ ದುಡ್ಡು ಕಟ್ಟುವವರಿಗೂ ಉಪಯೋಗವಾಗಲೆಂದು ಬರೆದದ್ದು.

ಹಿನ್ನೆಲೆ

ಪುಣೆಯ ನಿಗಡಿ, ಚಿಂಚವಡದ ಕಡೆ ಧಾರವಾಡ, ಬೆಳಗಾವಿ, ವಿಜಯಪುರದಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಅವರನ್ನೇ ನೆಚ್ಚಿಕೊಂಡ ಸಣ್ಣ ಪ್ರವಾಸ ಸಂಸ್ಥೆ ಇದು. ನಡೆಸುವವರು ಇಬ್ಬರೇ: ಧಾರವಾಡ ಕಡೆಯ ಸಂಘಟಕಿ, ಮತ್ತು ಟಿಕೆಟ್-ವೀಸಾ ನೋಡಿಕೊಳ್ಳುವ ಜೊತೆಗಾರ. ಕಾಶಿ, ಚಾರ್‌ಧಾಮ್, ಅಂಡಮಾನ್, ದುಬೈ ಮಾಡಿಸಿದ ಅನುಭವ ಇತ್ತು. ಆ ವರ್ಷದ ದೀಪಾವಳಿ ರಜೆಗೆ ಮೊದಲ ಬಾರಿ ದಕ್ಷಿಣ ಆಫ್ರಿಕಾ ಇಟ್ಟುಕೊಂಡರು. ಬಲಿಪಾಡ್ಯ ಮುಗಿಸಿ ಮುಂಬಯಿಯಿಂದ ಹೊರಟು ಹತ್ತು ದಿನ: ಕೇಪ್‌ಟೌನ್, ಹರ್ಮಾನಸ್, ಗಾನ್ಸ್‌ಬಾಯ್, ಗಾರ್ಡನ್ ರೂಟ್ ಎಂಬ ಕರಾವಳಿ ದಾರಿ. ನಡುವೆ ಒಂದು ಬೆಳಿಗ್ಗೆ ಗಾನ್ಸ್‌ಬಾಯ್ ಪಕ್ಕದ ಕ್ಲೈನ್‌ಬಾಯ್ ಬಂದರಿನಿಂದ ಶಾರ್ಕ್ ಪಂಜರ.

ಮೇ ತಿಂಗಳಲ್ಲಿ ಹೊರಟ ಪೋಸ್ಟರಿನಲ್ಲಿ ನೀರಿನಿಂದ ಪೂರ್ತಿ ಮೇಲೆ ಹಾರಿದ ಬಿಳಿ ಶಾರ್ಕಿನ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ದರ್ಶನ ಗ್ಯಾರಂಟಿ’. ಆ ಸಾಲು ಬಂದದ್ದು ಒಬ್ಬ ಏಜೆಂಟ್ ಕಳಿಸಿದ ಹಳೆಯ ಪಿಡಿಎಫ್‌ನಿಂದ. ಚಿತ್ರದಲ್ಲೂ ತಪ್ಪಿತ್ತು. ಹಾಗೆ ಹಾರುವ ಶಾರ್ಕಿನ ಪ್ರಸಿದ್ಧ ಫೋಟೋಗಳು ಕೇಪ್‌ಟೌನ್ ಪಕ್ಕದ ಫಾಲ್ಸ್ ಬೇಯ ಸೀಲ್ ದ್ವೀಪದ ಬಳಿ, ಶಾರ್ಕ್ ಸೀಲ್ ಎಂಬ ಕಡಲ ಪ್ರಾಣಿಯನ್ನು ಬೇಟೆಯಾಡುವ ಹೊತ್ತಿನಲ್ಲಿ ತೆಗೆದವು. ಪಂಜರದೊಳಗೆ ಕುತ್ತಿಗೆಮಟ್ಟ ನೀರಿನಲ್ಲಿ ನಿಂತವರಿಗೆ ಆ ನೋಟ ಸಿಗುವುದೇ ಇಲ್ಲ. ಪೋಸ್ಟರನ್ನು ನಾಲ್ಕಾರು ವಾಟ್ಸಾಪ್ ಗುಂಪುಗಳಿಗೆ ಹಾಕಿದರು. ಜುಲೈ ಮುಗಿಯುವಷ್ಟರಲ್ಲಿ ಹತ್ತು ಮಂದಿ ಮುಂಗಡ ಕಟ್ಟಿದ್ದರು.

ಸಮಸ್ಯೆ

ಕಟ್ಟಿದವರಲ್ಲಿ ಒಬ್ಬಳು ಕಾಲೇಜು ಹುಡುಗಿ. ತಂದೆಯ ಜೊತೆ ಬರುವವಳಿದ್ದಳು. ಓದಿಕೊಂಡು ಬಂದು ಸಂಘಟಕಿಗೆ ನೇರವಾಗಿ ಹೇಳಿದಳು: “ಅಕ್ಕಾರ, ಇದು ಹಳೇ ಮಾತು. ಅಲ್ಲೆ ಈಗ ಬಿಳಿ ಶಾರ್ಕ್ ದಿನಾ ಕಾಣೂದಿಲ್ಲ. ಗ್ಯಾರಂಟಿ ಅಂತ ಹೆಂಗ ಬರದ್ರಿ?”

ಅವಳು ಹೇಳಿದ್ದು ನಿಜ. 1991ರಲ್ಲಿ ಬಿಳಿ ಶಾರ್ಕಿಗೆ ಕಾನೂನಿನ ರಕ್ಷಣೆ ಕೊಟ್ಟ ಮೊದಲ ದೇಶ ದಕ್ಷಿಣ ಆಫ್ರಿಕಾ. ಗಾನ್ಸ್‌ಬಾಯ್ ಎದುರಿನ ಡೈಯರ್ ದ್ವೀಪದ ಪಕ್ಕದ ಗೈಸರ್ ಬಂಡೆಯ ಮೇಲೆ ಹತ್ತಾರು ಸಾವಿರ ಸೀಲ್‌ಗಳು. ಅವುಗಳ ಬೆನ್ನು ಹತ್ತಿ ಬರುವ ಬಿಳಿ ಶಾರ್ಕುಗಳಿಂದಾಗಿ ಗಾನ್ಸ್‌ಬಾಯ್‌ಗೆ ವರ್ಷಗಟ್ಟಲೆ ಜಗತ್ತಿನ ಬಿಳಿ ಶಾರ್ಕ್ ರಾಜಧಾನಿ ಎಂಬ ಹೆಸರಿತ್ತು. 2017ರ ಫೆಬ್ರುವರಿಯಿಂದ ಜೂನ್‌ವರೆಗೆ ಅದೇ ದಡಕ್ಕೆ ಐದು ಬಿಳಿ ಶಾರ್ಕುಗಳ ಹೆಣ ತೇಲಿಬಂದವು. ಎದೆ ಸೀಳಿತ್ತು, ಹೆಚ್ಚಿನವುಗಳ ಒಡಲಲ್ಲಿ ಯಕೃತ್ತೇ ಇರಲಿಲ್ಲ. ಅದು ಓರ್ಕಾಗಳ ಕೆಲಸ; ಓರ್ಕಾ ಎಂದರೆ ಡಾಲ್ಫಿನ್ ಕುಲದ, ಕಪ್ಪು-ಬಿಳುಪಿನ ದೊಡ್ಡ ಬೇಟೆಗಾರ ಪ್ರಾಣಿ. ಬೆನ್ನ ರೆಕ್ಕೆ ಒಂದಕ್ಕೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ಬಾಗಿದ ಎರಡು ಗಂಡು ಓರ್ಕಾಗಳನ್ನು ಆ ಕರಾವಳಿಯಲ್ಲಿ 2015ರಿಂದಲೇ ಗುರುತಿಸಿದ್ದರು. ಹಡಗಿನವರು ಎಡಬಲಕ್ಕೆ ಹೇಳುವ ಮಾತನ್ನೇ ಹೆಸರಾಗಿ ಇಟ್ಟರು: ಪೋರ್ಟ್, ಸ್ಟಾರ್‌ಬೋರ್ಡ್. ಶಾರ್ಕಿನ ಯಕೃತ್ತು ಬಲು ದೊಡ್ಡದು, ಎಣ್ಣೆಯಿಂದ ತುಂಬಿದ್ದು. ಓರ್ಕಾಗಳಿಗೆ ಬೇಕಾದದ್ದು ಅದೊಂದೇ. 2023ರ ಜೂನ್‌ನಲ್ಲಿ ಮಾಸೆಲ್ ಬೇಯಲ್ಲಿ ಸ್ಟಾರ್‌ಬೋರ್ಡ್ ಒಂಟಿಯಾಗಿ, ಎರಡು ನಿಮಿಷದೊಳಗೆ, ಒಂದು ಮರಿ ಬಿಳಿ ಶಾರ್ಕನ್ನು ಮುಗಿಸಿದ್ದನ್ನು ಬೋಟಿನಲ್ಲಿದ್ದವರು ಕಣ್ಣಾರೆ ಕಂಡರು.

ಓರ್ಕಾ ಸುಳಿದಾಡಿದ ನೀರನ್ನು ಬಿಳಿ ಶಾರ್ಕುಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಟ್ಟುಹೋಗುತ್ತವೆ. ಅವು ತಿನ್ನುವ ಸಣ್ಣ ಶಾರ್ಕುಗಳನ್ನು ಮೀನುಗಾರಿಕೆ ಬಳಿದುಹಾಕಿದ್ದೂ ಕಾರಣ ಎನ್ನುವವರಿದ್ದಾರೆ. ಒಟ್ಟು ಸಂಖ್ಯೆ ಕುಸಿದಿದೆಯೇ, ಅಥವಾ ಪೂರ್ವದ ಕರಾವಳಿಗೆ ಸರಿದಿವೆಯೇ ಎಂಬ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಪ್ರವಾಸಿಗೆ ಅರ್ಥವಾಗಬೇಕಾದದ್ದು ಇಷ್ಟು: ಈಗ ಗಾನ್ಸ್‌ಬಾಯ್ ಪಂಜರದ ಮುಂದೆ ಹೆಚ್ಚಾಗಿ ಬರುವುದು ಬ್ರಾಂಜ್ ವೇಲರ್ ಎಂಬ ತಾಮ್ರಬಣ್ಣದ ಶಾರ್ಕ್. ದೊಡ್ಡದಾದರೆ ಮೂರು ಮೀಟರ್ ಆಸುಪಾಸು, ಚುರುಕು. ಬಿಳಿ ಶಾರ್ಕ್ ಬಂದರೆ ಬಂತು.

ಯೋಚಿಸಿದ ದಾರಿಗಳು

ಜೊತೆಗಾರನ ವಾದ, ಸುಮ್ಮನಿದ್ದುಬಿಡೋಣ ಎಂದು. ಮುಂಗಡ ಬಂದಾಗಿದೆ, ಪ್ರಾಣಿ ಬರುವುದು ಬಿಡುವುದು ಯಾರ ಕೈಯಲ್ಲಿದೆ, ಅಲ್ಲಿ ಹೋದ ಮೇಲೆ ಯಾವುದೋ ಒಂದು ಶಾರ್ಕ್ ಕಂಡೇ ಕಾಣುತ್ತದೆ ಎಂದ. ಸಂಘಟಕಿ ಒಪ್ಪಲಿಲ್ಲ. ಈ ಪ್ರಕರಣ ತಿರುಗಿದ್ದು ಇಲ್ಲಿ. ಎರಡು ದಿನ ಅವರು ಹುಡುಕಿದ್ದು ಬೇರೆ ಜಾಗ.

ಮೆಕ್ಸಿಕೋದ ಗ್ವಾಡಲುಪೆ ದ್ವೀಪದ ನೀರು ಕನ್ನಡಿಯಂಥದ್ದು, ಬಿಳಿ ಶಾರ್ಕಿಗೆ ಹೆಸರಾದದ್ದು. ಆದರೆ 2023ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಶಾರ್ಕ್ ಪ್ರವಾಸೋದ್ಯಮವನ್ನೇ ನಿಲ್ಲಿಸಿತು. ಅದಕ್ಕೆ ಮೊದಲು ಅಲ್ಲಿ ಒಂದು ಶಾರ್ಕ್ ಪಂಜರದೊಳಗೇ ನುಗ್ಗಿತ್ತು. ಇನ್ನೊಂದರ ತಲೆ ಸರಳುಗಳ ನಡುವೆ ಸಿಕ್ಕಿಬಿದ್ದಿತ್ತು. ಆಸ್ಟ್ರೇಲಿಯದ ಪೋರ್ಟ್ ಲಿಂಕನ್‌ನಿಂದ ನೆಪ್ಚೂನ್ ದ್ವೀಪಗಳಿಗೆ ಹೋಗಬಹುದಿತ್ತು. ಬಿಳಿ ಶಾರ್ಕ್ ಕಾಣುವ ಸಂಭವ ಅಲ್ಲಿ ಹೆಚ್ಚು, ಆದರೆ ಇಡೀ ಪ್ರವಾಸವನ್ನೇ ಬೇರೆ ಖಂಡಕ್ಕೆ ಒಯ್ಯಬೇಕು. ಮಾಸೆಲ್ ಬೇ ಇವರ ಗಾರ್ಡನ್ ರೂಟ್ ದಾರಿಯಲ್ಲೇ ಬರುತ್ತದೆ, ಆದರೆ ಓರ್ಕಾಗಳ ಕಾಟ ಅಲ್ಲೂ ತಪ್ಪಿದ್ದಲ್ಲ.

ಕೊನೆಗೆ ಜಾಗ ಬದಲಿಸಲಿಲ್ಲ, ಮಾತು ಬದಲಿಸಿದರು. ಆಗಸ್ಟ್‌ನಲ್ಲಿ ನಿಗಡಿಯ ಒಬ್ಬರ ಮನೆಯ ಹಾಲಿನಲ್ಲಿ ಹತ್ತೂ ಜನರನ್ನು ಕೂಡಿಸಿ ಹೇಳಿದ್ದು ಮೂರು ವಾಕ್ಯ. ಕಾಣುವುದು ಬಹುಶಃ ತಾಮ್ರದ ಶಾರ್ಕ್. ಬಿಳಿ ಶಾರ್ಕ್ ಅಪರೂಪ. ಏನೂ ಕಾಣದೆ ವಾಪಸ್ ಬರುವ ದಿನವೂ ಉಂಟು. ಯಾರಿಗೆ ಬೇಡವೋ ಅವರಿಗೆ ಶಾರ್ಕಿನ ಬಾಬತ್ತು ಹದಿನಾರು ಸಾವಿರ ರೂಪಾಯಿ, ಇಲ್ಲವೇ ಪೂರ್ತಿ ಮುಂಗಡ ವಾಪಸ್. ಮೂವರು ಪೂರ್ತಿ ಹಿಂದೆ ಸರಿದರು. ಏಳು ಜನ ಉಳಿದರು. ಹೊಸ ಪೋಸ್ಟರ್ ಮಾಡಿ ಗುಂಪುಗಳಿಗೆ ಹಾಕಿದರು. ಮುಂದಿನ ಆರು ವಾರದಲ್ಲಿ ಮತ್ತೆ ಆರು ಮಂದಿ ಸೇರಿ ಲೆಕ್ಕ ಹದಿಮೂರಕ್ಕೆ ಬಂತು. ಹಳೆಯ ಪೋಸ್ಟರನ್ನು ಗುಂಪುಗಳಿಂದ ಅಳಿಸುವ ಕೆಲಸ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಅದೇ ಸಭೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಮೀನು ಮುಟ್ಟದ ಮನೆಯ ಒಬ್ಬ ಹೆಂಗಸು ಕೇಳಿದರು: “ಒಂದು ಜೀವಾ ನೋಡಾಕ ಇನ್ನೊಂದು ಜೀವಾ ಕೊಲ್ಲೂದು ಎದಕ್ಕ?” ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಶಾರ್ಕನ್ನು ಕರೆಯುವುದು ವಾಸನೆಯಿಂದ. ಅರೆದ ಮೀನು, ಮೀನೆಣ್ಣೆ, ಸಮುದ್ರದ ನೀರು ಕಲಸಿದ ಗಂಜಿಯಂಥದಕ್ಕೆ ಚಮ್ ಎನ್ನುತ್ತಾರೆ. ಹೆಚ್ಚಾಗಿ ಮೀನಿನ ಕಾರ್ಖಾನೆಗಳಲ್ಲಿ ಉಳಿದ ತಲೆ, ಕರುಳುಗಳೇ ಅದಕ್ಕೆ ಹೋಗುತ್ತವೆ. ಸೌಟಿನಿಂದ ಸ್ವಲ್ಪ ಸ್ವಲ್ಪವೇ ಸುರಿದರೆ ಪ್ರವಾಹದ ಜೊತೆ ಎಣ್ಣೆಯ ಹಾದಿಯೊಂದು ನೀರ ಮೇಲೆ ದೂರದವರೆಗೆ ಚಾಚುತ್ತದೆ. ಶಾರ್ಕ್ ಅದನ್ನು ಹಿಡಿದು ಬರುತ್ತದೆ. ಹತ್ತಿರ ಬಂದ ಮೇಲೆ ಹಗ್ಗಕ್ಕೆ ಕಟ್ಟಿದ ಟ್ಯೂನಾ ಮೀನಿನ ತಲೆ, ಜೊತೆಗೆ ಸೀಲ್ ಆಕಾರದ ಹಲಗೆ. ತಿನ್ನಿಸುವುದಕ್ಕೆ ಪರವಾನಗಿ ಇಲ್ಲ. ಬಾಯಿ ಹಾಕುವ ಮೊದಲೇ ಹಗ್ಗ ಎಳೆದುಕೊಳ್ಳಬೇಕು. ಕೆಲವೊಮ್ಮೆ ಶಾರ್ಕಿನ ಚುರುಕಿನ ಮುಂದೆ ಹಗ್ಗದವನು ಸೋಲುತ್ತಾನೆ, ಅದನ್ನೂ ಮುಚ್ಚಿಡಬಾರದು. ಬೋಟಿನ ಬಳಿ ಬಂದರೆ ಊಟ ಎಂಬ ರೂಢಿ ಪ್ರಾಣಿಗೆ ಹತ್ತಬಾರದೆಂಬುದೇ ಆ ನಿಯಮದ ಉದ್ದೇಶ.

ಆ ಹೆಂಗಸಿನ ಪ್ರಶ್ನೆಯಿಂದಾಗಿಯೇ ಸಂಘಟಕಿ ಬೋಟಿನವರಿಗೆ ಬರೆದು ಕೇಳಿದರು. ಪರವಾನಗಿ ಯಾವ ಇಲಾಖೆಯದು, ಯಾವಾಗಿನವರೆಗೆ ಚಾಲ್ತಿ? ಬೇಟನ್ನು (ಹಗ್ಗಕ್ಕೆ ಕಟ್ಟಿದ ಮೀನಿನ ತಲೆಯನ್ನು) ಪಂಜರದ ನೇರಕ್ಕೆ ಎಳೆಯುತ್ತೀರೋ, ಪಕ್ಕಕ್ಕೋ? ಕೊನೆಯ ಮೂವತ್ತು ಟ್ರಿಪ್‌ಗಳಲ್ಲಿ ಯಾವ ದಿನ ಯಾವ ಜಾತಿ ಕಂಡಿತು? ಎರಡನೆಯದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಶಾರ್ಕಿಗೆ ಹಿಮ್ಮುಖವಾಗಿ ಈಜಲು ಬರುವುದಿಲ್ಲ. ಬೇಟಿನ ಹಿಂದೆ ನುಗ್ಗಿದ್ದು ಸರಳಿಗೆ ಮೂತಿ ಕೊಟ್ಟರೆ ಬಿಡಿಸಿಕೊಳ್ಳಲು ಒದ್ದಾಡುತ್ತದೆ, ಕಿವಿರು ಹರಿಯುತ್ತದೆ. ಒಂದು ಸಂಸ್ಥೆ ಮೂರಕ್ಕೂ ಉತ್ತರ ಬರೆಯಿತು, ದಿನದಿನದ ಪಟ್ಟಿಯನ್ನೂ ಕಳಿಸಿತು. ಇನ್ನೊಂದು ಸಂಸ್ಥೆಯಿಂದ ಬಂದದ್ದು ರಿಯಾಯಿತಿಯ ದರಪಟ್ಟಿ ಮಾತ್ರ. ಮೊದಲಿನದನ್ನೇ ಗೊತ್ತು ಮಾಡಿದರು.

ಪುಣೆಯಲ್ಲಿ ನಡೆದ ತಯಾರಿ

ಪಂಜರದ ಡೈವಿಂಗ್ ಎಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ತಳಕ್ಕೆ ಇಳಿಯುವುದು ಎಂದೇ ಹೆಚ್ಚಿನವರು ತಿಳಿದಿದ್ದರು. ಗಾನ್ಸ್‌ಬಾಯ್ ಪದ್ಧತಿ ಬೇರೆ. ಸತು ಲೇಪಿಸಿದ ಉಕ್ಕಿನ ಪಂಜರವನ್ನು ಬೋಟಿನ ಮಗ್ಗುಲಿಗೆ ಬಿಗಿಯುತ್ತಾರೆ. ಮೇಲಿನ ಅಂಚು ನೀರಿನಿಂದ ಒಂದಡಿ ಹೊರಗೇ ಇರುತ್ತದೆ. ಐದಾರು ಜನ ಸಾಲಾಗಿ ಒಳಗೆ ನಿಲ್ಲುತ್ತಾರೆ, ತಲೆ ಗಾಳಿಯಲ್ಲಿ. ಮೇಲಿನಿಂದ “ಡೌನ್, ಲೆಫ್ಟ್!” ಎಂದು ಕೂಗಿದ ಕೂಡಲೇ ಉಸಿರು ತುಂಬಿಕೊಂಡು, ಒಳಗಿನ ಕಂಬಿ ಒತ್ತಿ ಮುಳುಗಬೇಕು. ಶಾರ್ಕ್ ಹಾದುಹೋಗುವುದು ಐದಾರು ಸೆಕೆಂಡು. ಮತ್ತೆ ಮೇಲೆ. ಡೈವಿಂಗ್ ಸರ್ಟಿಫಿಕೇಟ್ ಬೇಕಿಲ್ಲ. ಸಿಲಿಂಡರಿನ ಗಾಳಿ ಉಸಿರಾಡದ ಕಾರಣ, ಸ್ಕೂಬಾ ಮಾಡಿದವರು ವಿಮಾನ ಹತ್ತುವ ಮೊದಲು ಹದಿನೆಂಟು ತಾಸು ಕಾಯಬೇಕೆಂಬ ನಿಯಮವೂ ಇಲ್ಲಿಗೆ ಅನ್ವಯಿಸುವುದಿಲ್ಲ.

ಕೇಳಲು ಸುಲಭ. ಆದರೆ ಈಜು ಬಾರದವನು ತಣ್ಣೀರಿನಲ್ಲಿ, ಗಾಬರಿಯಲ್ಲಿ, ಕೂಗು ಕೇಳಿದ ಒಂದು ಸೆಕೆಂಡಿನಲ್ಲಿ ಮುಳುಗುವುದಿಲ್ಲ. ಅವನು ಕಣ್ಣು ಬಿಡುವಷ್ಟರಲ್ಲಿ ಶಾರ್ಕ್ ಹೋಗಿರುತ್ತದೆ. ಹಾಗಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಾಲ್ಕು ಭಾನುವಾರ ಒಂದು ಕ್ಲಬ್ಬಿನ ಈಜುಕೊಳದಲ್ಲಿ ಅಭ್ಯಾಸ ಇಟ್ಟರು. ಎದೆಮಟ್ಟದ ನೀರು, ಕೊಳದ ಏಣಿಯ ಕಂಬಿಯೇ ಪಂಜರದ ಕಂಬಿ. ಕೂಗಿದ ತಕ್ಷಣ ಮುಳುಗು, ಹದಿನೈದು ಎಣಿಸು, ಏಳು. ಆಮೇಲೆ ಕಣ್ಣು-ಮೂಗು ಮುಚ್ಚುವ ಗಾಜಿನ ಡೈವಿಂಗ್ ಮಾಸ್ಕಿಗೆ ನೀರು ತುಂಬಿಸಿ ಮೂಗಿನಿಂದ ಊದಿ ಖಾಲಿ ಮಾಡುವುದು. ಮೊದಲ ವಾರ ಹದಿಮೂರರಲ್ಲಿ ಒಂಬತ್ತು ಮಂದಿ ಕಣ್ಣು ಮುಚ್ಚಿಕೊಂಡೇ ಮುಳುಗಿದರು. ನಾಲ್ಕನೆಯ ವಾರ ಇಬ್ಬರೇ ಉಳಿದರು.

ಮಾಸ್ಕಿನ ತೊಂದರೆಗಳೆಲ್ಲ ಬಯಲಾದದ್ದು ಈ ಕೊಳದಲ್ಲೇ. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ಹದಿಮೂರರಲ್ಲಿ ಆರು ಮಂದಿ ಕನ್ನಡಕದವರು. ನಾಲ್ವರು ನಂಬರಿನ ಗಾಜು ಕೂರಿಸಿದ ಮಾಸ್ಕ್ ಮಾಡಿಸಿಕೊಂಡರು, ಇಬ್ಬರು ದಿನ ಕಳೆದು ಎಸೆಯುವ ಕಾಂಟ್ಯಾಕ್ಟ್ ಲೆನ್ಸ್ ತಂದರು. ಮೀಸೆ ಇದ್ದವರಿಗೆ ಮೇಲ್ದುಟಿಯ ಬಳಿ ನೀರು ಸೋರುತ್ತದೆ. ಅಲ್ಲಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಬೇಕು. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಹಾಳಾಗುತ್ತದೆ. ಹೆಂಗಸರಿಗೆ ಕಿವಿಯ ಪಕ್ಕದ ಕೂದಲೆಳೆಯೇ ಶತ್ರು, ಮಾಸ್ಕಿನ ಅಂಚಿನಡಿ ಒಂದೆಳೆ ಸಿಕ್ಕರೂ ಸಾಕು, ನೀರು ನುಗ್ಗುತ್ತದೆ. ಬಿಗಿಯಾಗಿ ಜಡೆ ಹಾಕಿ ತಲೆಗವಸಿನೊಳಗೆ ಸೇರಿಸಿದ ಮೇಲೆ ಸರಿಹೋಯಿತು.

ಆಭರಣದ ಮಾತು ನಾಜೂಕಿನದು. ಬಿಸಿಲಿಗೆ ಹೊಳೆಯುವ ಬಂಗಾರ ಮೀನಿನ ಹೊಳಪಿನಂತೆ ಕಾಣಬಹುದೆಂದು ಬೋಟಿನವರು ತೆಗೆಯಲು ಹೇಳುತ್ತಾರೆ. ಬಳೆ, ಉಂಗುರ ತೆಗೆಯಲು ಯಾರೂ ತಕರಾರು ಮಾಡಲಿಲ್ಲ. ತಾಳಿ ತೆಗೆಯುವುದಿಲ್ಲ ಎಂದು ಇಬ್ಬರು ಖಡಾಖಂಡಿತವಾಗಿ ಹೇಳಿದರು. ಬೋಟಿನವರಿಗೆ ಬರೆದು ಕೇಳಿದಾಗ ಬಂದ ಉತ್ತರ ಸರಳವಾಗಿತ್ತು: ವೆಟ್‌ಸೂಟ್ (ತಣ್ಣೀರಿಗೆ ಹಾಕುವ ರಬ್ಬರ್ ಉಡುಪು) ಕುತ್ತಿಗೆಯವರೆಗೂ ಮುಚ್ಚುತ್ತದೆ, ಒಳಗಿದ್ದರೆ ತೊಂದರೆಯಿಲ್ಲ. ತಾಳಿಯ ಸರವನ್ನು ಒಳಬಟ್ಟೆಗೆ ಪಿನ್ನಿನಿಂದ ಚುಚ್ಚಿ, ಮೇಲೆ ಸೂಟ್ ಏರಿಸುವುದೆಂದು ಕೊಳದ ಪಕ್ಕದಲ್ಲೇ ತೀರ್ಮಾನವಾಯಿತು. ಕೇಳದೆ ಹೋಗಿದ್ದರೆ ಈ ಜಗ್ಗಾಟ ಬೋಟಿನ ಡೆಕ್ಕಿನ ಮೇಲೆ, ಪರಕೀಯರ ಮುಂದೆ ನಡೆಯುತ್ತಿತ್ತು.

ನಿವೃತ್ತ ಬ್ಯಾಂಕ್ ನೌಕರರೊಬ್ಬರಿಗೆ 67 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿಸಿದವರು. ಅಲ್ಲಿನ ನೀರು 12ರಿಂದ 18 ಡಿಗ್ರಿ. ಅಂಥ ನೀರಿಗೆ ಇಳಿದ ಮೊದಲ ನಿಮಿಷದಲ್ಲಿ ಉಸಿರು ಏದುಸಿರಾಗಿ, ಬಿಪಿ ಸರ್ರನೆ ಏರುತ್ತದೆ. ಅದರ ಮೇಲೆ ಉಸಿರು ಕಟ್ಟುವುದು ಬೇರೆ. ಅವರ ಡಾಕ್ಟರ್ ಬೇಡವೆಂದರು. ಉಬ್ಬಸ ಇದ್ದ ಇನ್ನೊಬ್ಬರಿಗೂ ಹಾಗೆಯೇ. ಇಬ್ಬರಿಗೂ ಮೇಲಿನ ಡೆಕ್ ಎಂದು ಗೊತ್ತಾಯಿತು. “ಮ್ಯಾಲೆ ಕುಂತು ನೋಡ್ತೀನವಾ, ಅಡ್ಡಿ ಇಲ್ಲ. ಆದ್ರ ರೊಕ್ಕಾ ಅಷ್ಟ ಅಲ್ಲೇನು?” ಎಂದು ಹಿರಿಯರು ಕೇಳಿದರು. ಹೌದು, ಬೋಟಿನವರು ಡೆಕ್ಕಿಗೂ ಪಂಜರಕ್ಕೂ ಒಂದೇ ದರ ಹಾಕಿದ್ದರು. ಸಂಘಟಕಿ ತಮ್ಮ ಕಮಿಷನ್ ಬಿಟ್ಟುಕೊಟ್ಟರು.

ವಿಮೆಯ ಪಾಲಿಸಿಯಲ್ಲಿ ‘ಸಾಹಸ ಕ್ರೀಡೆ ಹೊರತುಪಡಿಸಿ’ ಎಂಬ ಸಾಲು ಸಿಕ್ಕಿತು. ಹೆಚ್ಚಿನ ಪ್ರೀಮಿಯಂ ಕಟ್ಟಿ, ಪಂಜರದ ಡೈವಿಂಗ್ ಸೇರಿದೆ ಎಂದು ಇಮೇಲ್‌ನಲ್ಲಿ ಬರೆಸಿಕೊಂಡರು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ದಿನಗಳ ಅದಲುಬದಲು. ಮೊದಲ ಯೋಜನೆಯಲ್ಲಿ ಶಾರ್ಕ್ ಇದ್ದದ್ದು ಪ್ರವಾಸದ ಕೊನೆಯ ಮುನ್ನಾದಿನ, ಕೇಪ್‌ಟೌನಿನಿಂದ ನಸುಕಿನ ನಾಲ್ಕಕ್ಕೆ ಬಸ್ಸು ಹತ್ತಿ, ಎರಡೂವರೆ ತಾಸು ಪ್ರಯಾಣ ಮಾಡಿ. ನವೆಂಬರ್ ಎಂದರೆ ಅಲ್ಲಿ ಆಗ್ನೇಯ ಗಾಳಿಯ ಕಾಲ. ಸ್ಥಳೀಯರು ಕೇಪ್ ಡಾಕ್ಟರ್ ಎನ್ನುವ ಆ ಗಾಳಿ ಎದ್ದರೆ ಬೋಟು ಹೊರಡುವುದಿಲ್ಲ. ಒಂದೇ ದಿನ ಇಟ್ಟುಕೊಂಡವರ ಶಾರ್ಕ್ ಅಲ್ಲಿಗೇ ಮುಗಿಯಿತು. ಹೊಸ ಯೋಜನೆಯಲ್ಲಿ ಶಾರ್ಕ್ ಮುಂದೆ ಬಂತು. ಗಾನ್ಸ್‌ಬಾಯ್‌ನಲ್ಲೇ ಮೂರು ರಾತ್ರಿ ತಂಗುವುದು, ಎರಡು ಬೆಳಿಗ್ಗೆ ಮೀಸಲು. ಗಾಳಿ ಬಂದ ದಿನ ಹರ್ಮಾನಸ್ ದಂಡೆಯಿಂದ ತಿಮಿಂಗಿಲ ನೋಡುವುದು. ಸದರ್ನ್ ರೈಟ್ ತಿಮಿಂಗಿಲಗಳು ಜೂನ್‌ನಿಂದ ನವೆಂಬರ್‌ವರೆಗೆ ಮರಿಗಳ ಜೊತೆ ಅಲ್ಲಿರುತ್ತವೆ, ನೋಡಲು ಬೋಟೂ ಬೇಕಿಲ್ಲ.

ಸಮುದ್ರದಲ್ಲಿ

ಮೊದಲ ಬೆಳಿಗ್ಗೆ ಐದೂವರೆಗೆ ಫೋನ್ ಬಂತು: ಇವತ್ತು ಇಲ್ಲ. ಯಾರೂ ಗೊಣಗಲಿಲ್ಲ, ಹೀಗಾಗಬಹುದೆಂದು ಮೊದಲೇ ಹೇಳಿತ್ತಲ್ಲ. ಹರ್ಮಾನಸ್ ಬಂಡೆಗಳ ಮೇಲಿನಿಂದ ತಾಯಿ-ಮರಿ ತಿಮಿಂಗಿಲ ಕಂಡವು.

ಎರಡನೆಯ ದಿನ ಹೊರಟರು. ವಾಂತಿಯ ಮಾತ್ರೆಯನ್ನು ಪುಣೆಯ ಡಾಕ್ಟರ್ ಬರೆದುಕೊಟ್ಟಿದ್ದರು. ಹಿಂದಿನ ರಾತ್ರಿ ಒಂದು, ಬೋಟು ಹತ್ತುವ ಎರಡು ತಾಸು ಮೊದಲು ಒಂದು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ತಿಂಡಿಗೆ ಒಣ ಟೋಸ್ಟು, ಬಾಳೆಹಣ್ಣು, ಶುಂಠಿ ಎಂದು ಹೇಳಿತ್ತು. ಆದರೂ ಡಬ್ಬಿಯಲ್ಲಿದ್ದ ಚಪಾತಿ, ಎಣ್ಣೆ ಕಲಸಿದ ಶೇಂಗಾ ಚಟ್ನಿ ಕರೆದದ್ದನ್ನು ತಡೆಯಲಾರದೆ ಮೂವರು ಹೊಟ್ಟೆ ತುಂಬ ತಿಂದರು. ಬೋಟು ಲಂಗರು ಹಾಕಿ ನಿಂತಾಗಲೇ ಕಷ್ಟ. ಓಡುವಾಗ ಗಾಳಿಯಾದರೂ ಬಡಿಯುತ್ತದೆ. ನಿಂತರೆ ಅಲೆಯ ಓಲಾಟ, ಡೀಸೆಲ್ ಹೊಗೆ, ಚಮ್ಮಿನ ನಾತ ಮೂರೂ ಒಟ್ಟಿಗೆ ಮುತ್ತುತ್ತವೆ. ನಾಲ್ವರು ವಾಂತಿ ಮಾಡಿಕೊಂಡರು, ಚಟ್ನಿ ತಿಂದ ಮೂವರೂ ಅದರಲ್ಲಿದ್ದರು. ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಹೆಂಗಸು ಮೂಗಿಗೆ ವಿಕ್ಸ್ ಹಚ್ಚಿಕೊಂಡು, ಗಾಳಿ ಬರುವ ದಿಕ್ಕಿಗೆ, ಚಮ್ಮಿನ ಡ್ರಮ್ಮಿಗೆ ಬೆನ್ನು ಮಾಡಿ ಕುಳಿತರು. ಅವರಿಗೆ ಏನೂ ಆಗಲಿಲ್ಲ.

ವೆಟ್‌ಸೂಟ್ ಏಳು ಮಿಲಿಮೀಟರ್ ದಪ್ಪ, ಎರಡು ಭಾಗದ್ದು, ಜೊತೆಗೆ ಬೂಟು, ತಲೆಗವಸು. ಅಷ್ಟು ದಪ್ಪದ ರಬ್ಬರ್ ಮನುಷ್ಯನನ್ನು ಬೆಂಡಿನಂತೆ ತೇಲಿಸುತ್ತದೆ. ಮುಳುಗಲೆಂದು ಸೊಂಟಕ್ಕೆ ಸೀಸದ ಪಟ್ಟಿ ಕಟ್ಟುತ್ತಾರೆ. ಅದು ಸಡಿಲವಾಗಿ ಕಾಲಿಗೆ ಜಾರಿದರೆ ತಲೆ ಮೇಲೇ ಉಳಿಯುತ್ತದೆ. ಒಬ್ಬರಿಗೆ ಹಾಗೇ ಆಗಿ, ಮೂರು ಶಾರ್ಕು ಹಾದುಹೋದ ಮೇಲೆ ಸಿಬ್ಬಂದಿ ನೋಡಿ ಬಿಗಿದರು. ಕಟ್ಟಿಕೊಂಡ ಮೇಲೆ ಒಮ್ಮೆ ಕುಪ್ಪಳಿಸಿ ನೋಡುವುದು ಒಳ್ಳೆಯದು, ಜಾರುವ ಪಟ್ಟಿ ಡೆಕ್ಕಿನ ಮೇಲೆಯೇ ಗೊತ್ತಾಗುತ್ತದೆ. ಕೈ ಹಿಡಿಯಬೇಕಾದದ್ದು ಒಳಗಿನ ಕಂಬಿ, ಹೊರಗಿನ ಸರಳನ್ನು ಹಿಡಿದರೆ ಬೆರಳು ಪಂಜರದಾಚೆಗೆ ಹೋಗುತ್ತವೆ. ಪಾದಗಳನ್ನೂ ತಳದ ಕಂಬಿಯಡಿ ಸಿಕ್ಕಿಸಿಕೊಳ್ಳಬೇಕು, ಇಲ್ಲವಾದರೆ ಅಲೆಗೆ ಕಾಲು ಸರಳಿನಿಂದ ಹೊರಗೆ ಚಾಚುತ್ತದೆ.

ಮೊದಲ ಒಂದೂಕಾಲು ತಾಸು ಏನೂ ಬರಲಿಲ್ಲ. ಕೆಲ್ಪ್ ಗಲ್ ಎಂಬ ಹಕ್ಕಿಗಳಷ್ಟೇ ಚಮ್ಮಿನ ಮೇಲೆ ಎರಗುತ್ತಿದ್ದವು. ಆಮೇಲೆ ಮೇಲಿನ ಡೆಕ್ಕಿನಿಂದ ಹಿರಿಯರ ಕೂಗು: “ಅಲ್ಲೆ ನೋಡ್ರಿ, ಕರೇ ನೆಳ್ಳು!” ಮೊದಲು ಕಂಡದ್ದು ಅವರಿಗೇ. ಆ ದಿನ ನೀರು ಪಾಚಿಹಸಿರು, ನೋಟ ಮೂರು ಮೀಟರ್ ದಾಟುತ್ತಿರಲಿಲ್ಲ. ಅಂಥ ದಿನ ಪಂಜರದೊಳಗಿನವರಿಗಿಂತ ಡೆಕ್ಕಿನವರೇ ಭಾಗ್ಯವಂತರು, ಇದನ್ನು ಪೋಸ್ಟರುಗಳು ಎಂದೂ ಹೇಳುವುದಿಲ್ಲ. ಪಂಜರದಲ್ಲಿ ಏನು ಕಾಣುತ್ತದೆ? ಹಸಿರು ಗೋಡೆಯೊಳಗಿಂದ ತಟಕ್ಕನೆ ಒಂದು ಮೂತಿ, ಹಿಂದೆಯೇ ತಿಕ್ಕಿ ತೊಳೆದ ತಾಮ್ರದ ಹಂಡೆಯ ಬಣ್ಣದ ಬೆನ್ನು, ಬಿಳಿಯ ಹೊಟ್ಟೆ, ಐದು ಕಿವಿರು ಸೀಳು ಒಂದೊಂದೂ ಎಣಿಸುವಷ್ಟು ಹತ್ತಿರ. ಬಾಲ ಒಮ್ಮೆ ಬೀಸಿದರೆ ಮತ್ತೆ ಬರೀ ಹಸಿರು. ಎರಡು ಸರದಿಯಲ್ಲಿ, ಸಂಘಟಕಿ ಸೇರಿ ಆರಾರು ಜನ, ತಲಾ ಇಪ್ಪತ್ತು ನಿಮಿಷ. ಐದು ಶಾರ್ಕುಗಳು ಸುತ್ತಿ ಸುತ್ತಿ ಬಂದವು, ಐದೂ ತಾಮ್ರದವು. ಕೊಳದಲ್ಲಿ ಕೂಗಿಗೆ ಮುಳುಗಲು ಕಲಿತವರೆಲ್ಲ ನೋಡಿದರು. ಅದೇ ಪಂಜರದ ಇನ್ನೊಂದು ಸರದಿಯಲ್ಲಿದ್ದ, ತಯಾರಿಯಿಲ್ಲದೆ ಬಂದ ಬೇರೆ ದೇಶದ ಪ್ರವಾಸಿಗಳು ಅರ್ಧಕ್ಕರ್ಧ ತಪ್ಪಿಸಿಕೊಂಡರು.

ವಾಪಸ್ ಬರುವಾಗ ಗೈಸರ್ ಬಂಡೆಯ ಪಕ್ಕ ಬೋಟು ನಿಧಾನಿಸಿತು. ಆ ವರ್ಷ ಆ ಕರಾವಳಿಯ ಸೀಲ್‌ಗಳಲ್ಲಿ ರೇಬಿಸ್ ಪತ್ತೆಯಾಗಿತ್ತು. ದಡದಲ್ಲಿ ಮಲಗಿದ ಸೀಲ್ ಜೊತೆ ಸೆಲ್ಫಿ ಬೇಡ ಎಂದು ಸಿಬ್ಬಂದಿ ಎರಡೆರಡು ಬಾರಿ ಹೇಳಿದರು.

ತಕರಾರು, ಮತ್ತು ಅದರಿಂದ ಬದಲಾದದ್ದು

ಬಂದರಿಗೆ ಮರಳಿದ ಮೇಲೆ, ಮುಂಬಯಿ ಪಕ್ಕದ ಡೊಂಬಿವಲಿಯಿಂದ ಕೊನೆಗೆ ಸೇರಿದ್ದ ಒಬ್ಬರು ಮುಖ ಗಂಟಿಕ್ಕಿ ನಿಂತರು. “ಇವು ಮುಶಿ. ನಮ್ಮ ಮಾರ್ಕೆಟ್ಟಿನಾಗ ದಿನಾ ನೋಡ್ತೀನಿ. ನೀವು ತೋರಿಸ್ತೀನಂದದ್ದು ಬಿಳೀದು.” ಮುಂಬಯಿ ಮೀನು ಮಾರುಕಟ್ಟೆಯಲ್ಲಿ ಸಣ್ಣ ಶಾರ್ಕಿಗೆ ಮುಶಿ ಎನ್ನುತ್ತಾರೆ, ಗೋವೆಯಲ್ಲಿ ಮೋರಿ. ಸಂಘಟಕಿ ಆಗಸ್ಟ್ ಸಭೆಯ ಮಾತು ನೆನಪಿಸಿದಾಗ ಅವರು ಮೊಬೈಲ್ ತೆಗೆದು ತೋರಿಸಿದರು. ಸೋದರಮಾವನ ಮಗ ಕಳಿಸಿದ್ದ ಪೋಸ್ಟರ್. ಹಾರುವ ಬಿಳಿ ಶಾರ್ಕ್, ದರ್ಶನ ಗ್ಯಾರಂಟಿ. ಸಭೆಯ ಹೊತ್ತಿಗೆ ಅವರು ತಂಡಕ್ಕೆ ಸೇರಿರಲೇ ಇಲ್ಲ. ಈಜುಕೊಳಕ್ಕೆ ಬಂದಿದ್ದರು, ಆದರೆ ಅಲ್ಲಿ ಮಾತೆಲ್ಲ ಮಾಸ್ಕು, ಉಸಿರಿನದೇ. ಯಾವ ಶಾರ್ಕ್ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿದೆ ಎಂದೇ ಎಲ್ಲರೂ ತಿಳಿದಿದ್ದರು.

ಬೋಟಿನವರು ಹಣ ಕೊಡುವಂತಿರಲಿಲ್ಲ. ಅವರ ಷರತ್ತಿನಲ್ಲಿ ಜಾತಿಯ ಮಾತೇ ಇಲ್ಲ. ಯಾವ ಶಾರ್ಕೂ ಕಾಣದಿದ್ದರೆ ಇನ್ನೊಮ್ಮೆ ಬರಲು ಚೀಟಿ ಕೊಡುತ್ತಾರೆ, ಅಷ್ಟೆ. ಊರಿಗೆ ಮರಳುವವನಿಗೆ ಆ ಚೀಟಿಯಿಂದ ಏನು ಪ್ರಯೋಜನ? ಜೊತೆಗಾರ ಅರ್ಧ ಕೊಟ್ಟು ಮುಗಿಸೋಣ ಎಂದ. ಸಂಘಟಕಿ ಹದಿನಾರು ಸಾವಿರವನ್ನೂ ಪೂರ್ತಿ ವಾಪಸ್ ಕೊಟ್ಟರು. ನಮ್ಮ ದೃಷ್ಟಿಯಲ್ಲಿ ಅದೇ ಸರಿ. ಆ ಮನುಷ್ಯ ದುಡ್ಡು ಕಟ್ಟಿದ್ದು ಹಳೆಯ ಪೋಸ್ಟರಿನ ಮಾತಿಗೆ, ಆ ಮಾತು ಸಂಸ್ಥೆಯದೇ. ಸಭೆಗೆ ಬಂದಿದ್ದ ಏಳು ಜನರಲ್ಲಿ ಒಬ್ಬರೂ ಹಣ ಕೇಳಲಿಲ್ಲ ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಎಲ್ಲರೂ ಕಂಡದ್ದು ಅದೇ ಐದು ಶಾರ್ಕುಗಳನ್ನು.

ಮುಂದಿನ ಪ್ರವಾಸಕ್ಕೆ ಒಂದು ಪುಟದ ಕನ್ನಡ ಒಪ್ಪಿಗೆ ಪತ್ರ ಬಂತು. ಸಭೆಯ ಮೂರು ವಾಕ್ಯಗಳೇ ಮೇಲೆ. ಕೆಳಗೆ ಹವಾಮಾನದಿಂದ ರದ್ದಾದರೆ ಏನು, ಡೆಕ್ಕಿನ ದರ ಎಷ್ಟು, ಕನ್ನಡಕ-ಹೃದಯ-ಉಬ್ಬಸದ ಪ್ರಶ್ನೆಗಳು. ಯಾವ ವಾರ ಸೇರಿದರೂ ಸರಿ, ಸಹಿ ಮಾಡದವರಿಂದ ಮುಂಗಡ ತೆಗೆದುಕೊಳ್ಳುವುದಿಲ್ಲ. ಪೋಸ್ಟರಿನ ಮೂಲೆಯಲ್ಲಿ ತಿಂಗಳು, ವರ್ಷ, ‘ಇದಕ್ಕೆ ಹಿಂದಿನದು ರದ್ದು’ ಎಂಬ ಸಾಲು. ಗುಂಪುಗಳಲ್ಲಿ ಹಳೆಯದಕ್ಕೇ ಉತ್ತರವಾಗಿ ಹೊಸದನ್ನು ಹಾಕುತ್ತಾರೆ, ಮೇಲಕ್ಕೆ ಸರಿಸಿ ಹುಡುಕಿದವನಿಗೂ ಎರಡೂ ಒಟ್ಟಿಗೆ ಕಾಣಲೆಂದು. ಚಿತ್ರವೂ ಬದಲಾಗಿದೆ. 67ರ ಹಿರಿಯರು ಡೆಕ್ಕಿನಿಂದ ಮೊಬೈಲಿನಲ್ಲಿ ತೆಗೆದದ್ದು: ಅರ್ಧ ಚೌಕಟ್ಟು ಹಸಿರು ನೀರು, ಪಂಜರದ ಅಂಚು, ಅದರಾಚೆ ಕಂಡೂ ಕಾಣದಂತೆ ಒಂದು ಕಂದು ಬೆನ್ನು.

ಆ ಚಿತ್ರಕ್ಕೆ ಜನ ಕಡಿಮೆ ಬರುತ್ತಾರೆಂಬುದು ಜೊತೆಗಾರನ ದೂರು. ಬೇಸಿಗೆಯ ಪಟ್ಟಿಯಲ್ಲಿ ಇಲ್ಲಿಯವರೆಗೆ ಎಂಟು ಹೆಸರು ಸೇರಿವೆ, ಎಂಟೂ ಸಹಿಯೊಂದಿಗೆ.